ಬೋನ್ ಚೈನಾವೋ ಪೋರ್ಸಲೇನೋ: ಊಟದ ಪಾತ್ರೆ ಆರಿಸುವವರಿಗೆ ಒಂದು ಮಾರ್ಗದರ್ಶಿ

ಪಿಂಗಾಣಿ ತಟ್ಟೆ, ಬಟ್ಟಲು, ಕಪ್ಪುಗಳನ್ನು ಕೊಳ್ಳಲು ಹೋದವರ ಕಿವಿಗೆ ಸಾಮಾನ್ಯವಾಗಿ ಬೀಳುವ ಮಾತು ಒಂದೇ: ಬೋನ್ ಚೈನಾ ಮೇಲ್ದರ್ಜೆಯದು, ಪೋರ್ಸಲೇನ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಬೆಲೆಯ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಮಾತು ನಿಜವೆಂದೇ ತೋರುತ್ತದೆ. ಆದರೆ ವರ್ಷಗಟ್ಟಲೆ ಬಳಸುವವರ ಅನುಭವ ಬೇರೆಯದನ್ನು ಹೇಳುತ್ತದೆ. ಇವೆರಡರ ಮಣ್ಣು ಬೇರೆ, ಸುಡುವ ಕ್ರಮ ಬೇರೆ, ಆದ್ದರಿಂದ ಬಲ ಮತ್ತು ದೌರ್ಬಲ್ಯಗಳೂ ಬೇರೆ ಬೇರೆ ಕಡೆ ಇವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಡೀ ಮನೆಗೆ ಒಂದೇ ವಸ್ತುವಿನ ಸೆಟ್ ಕೊಳ್ಳಬೇಕೆಂಬ ಹಟವನ್ನು ಬಿಟ್ಟು, ದಿನವೂ ಚಾಕು, ಮುಳ್ಳುಚಮಚ ಮತ್ತು ಮೈಕ್ರೋವೇವ್‌ಗಳಿಗೆ ಸಿಕ್ಕುವ ತಟ್ಟೆಗಳನ್ನು ಪೋರ್ಸಲೇನ್‌ನಲ್ಲಿಯೂ, ತುಟಿಗೆ ತಾಗುವ ಕಪ್ಪುಗಳನ್ನು ಬೋನ್ ಚೈನಾದಲ್ಲಿಯೂ ಆರಿಸಿಕೊಳ್ಳುವುದು ಬಹುಪಾಲು ಮನೆಗಳಿಗೆ ಹೊಂದುವ ದಾರಿ. ಹೀಗೇಕೆ ಎಂಬುದನ್ನೂ, ನಿಮ್ಮ ಮನೆಗೆ ಇದು ಹೊಂದದಿದ್ದರೆ ಬೇರೆ ತೀರ್ಮಾನಕ್ಕೆ ಬರುವುದು ಹೇಗೆ ಎಂಬುದನ್ನೂ ಹೆಜ್ಜೆ ಹೆಜ್ಜೆಯಾಗಿ ನೋಡೋಣ. ಆಡುಮಾತಿನಲ್ಲಿ ಎರಡನ್ನೂ ಪಿಂಗಾಣಿ ಎಂದೇ ಕರೆಯುವುದುಂಟು. ಇಲ್ಲಿ ಮೂಳೆಯ ಬೂದಿ ಬೆರೆಯದ ಪಿಂಗಾಣಿಯನ್ನು ಮಾತ್ರ ಪೋರ್ಸಲೇನ್ ಎಂದು ಕರೆದಿದ್ದೇನೆ.

ಮೊದಲ ಹೆಜ್ಜೆ: ಎರಡರ ಒಡಲಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

ಪೋರ್ಸಲೇನ್‌ಗೆ ಮೂರು ಮುಖ್ಯ ಪದಾರ್ಥಗಳು ಬೇಕು. ಆಕಾರ ಹಿಡಿದು ನಿಲ್ಲಲು ಕಯೋಲಿನ್ ಎಂಬ ಬಿಳಿ ಜೇಡಿಮಣ್ಣು, ಕಾವಿನಲ್ಲಿ ಕರಗಿ ಕಣಗಳನ್ನು ಬೆಸೆಯಲು ಫೆಲ್ಡ್‌ಸ್ಪಾರ್, ಒಡಲಿಗೆ ಗಟ್ಟಿತನ ಕೊಡಲು ಬೆಣಚುಕಲ್ಲಿನ ಪುಡಿ. ಚೀನಾದ ಜಿಯಾಂಗ್ಶಿ ಪ್ರಾಂತ್ಯದ ಜಿಂಗ್‌ಡೆಝೆನ್‌ನ ಕುಶಲಕರ್ಮಿಗಳು ಶತಮಾನಗಳ ಕಾಲ ಈ ವಿದ್ಯೆಯಲ್ಲಿ ಮುಂದಿದ್ದರು. ಯೂರೋಪಿನವರಿಗೆ ಅದರ ಗುಟ್ಟು ದಕ್ಕಿದ್ದು ಬಹಳ ತಡವಾಗಿ. ಜರ್ಮನಿಯ ಸ್ಯಾಕ್ಸನಿಯಲ್ಲಿ ಯೋಹಾನ್ ಫ್ರೀಡ್ರಿಶ್ ಬೋಟ್‌ಗರ್ ಮತ್ತು ಚಿರ್ನ್‌ಹೌಸ್ ನಡೆಸಿದ ಪ್ರಯೋಗಗಳು ಫಲಿಸಿ, 1710ರಲ್ಲಿ ಮೈಸೆನ್ ಕಾರ್ಖಾನೆ ಸ್ಥಾಪನೆಯಾಯಿತು.

ಬೋನ್ ಚೈನಾ ಇಂಗ್ಲೆಂಡಿನ ಕೊಡುಗೆ. ಲಂಡನ್ನಿನ ಬೋ ಕಾರ್ಖಾನೆಯ ಥಾಮಸ್ ಫ್ರೈ 1740ರ ದಶಕದ ಕೊನೆಯಲ್ಲಿ ಮಣ್ಣಿಗೆ ಮೂಳೆಯ ಬೂದಿ ಬೆರೆಸಿ ನೋಡಿದ್ದ. ಅದಕ್ಕೆ ಇಂದು ನಾವು ಕಾಣುವ ರೂಪ ಬಂದದ್ದು ಆ ಶತಮಾನದ ಕೊನೆಯ ದಶಕದಲ್ಲಿ, ಸ್ಟೋಕ್-ಆನ್-ಟ್ರೆಂಟ್‌ನ ಸ್ಪೋಡ್ ಕಾರ್ಖಾನೆಯಲ್ಲಿ. ಅರ್ಧ ಪಾಲು ಮೂಳೆ ಬೂದಿ, ಕಾಲು ಪಾಲು ಕಯೋಲಿನ್, ಕಾಲು ಪಾಲು ಕಾರ್ನ್‌ವಾಲ್ ಪ್ರದೇಶದ ಫೆಲ್ಡ್‌ಸ್ಪಾರ್ ತುಂಬಿದ ಕಲ್ಲು ಎಂಬ ಅಳತೆ ಅಂದಿನಿಂದ ಹೆಚ್ಚು ಬದಲಾಗಿಲ್ಲ. ಜಾನುವಾರುಗಳ ಮೂಳೆಯಲ್ಲಿ ಅಂಟಿಕೊಂಡದ್ದನ್ನೆಲ್ಲ ತೆಗೆದು, ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ನುಣ್ಣಗೆ ಅರೆದಾಗ ಸಿಗುವ ಬಿಳಿಯ ಪುಡಿಯೇ ಆ ಬೂದಿ. ರಾಸಾಯನಿಕವಾಗಿ ಅದರ ಬಹುಭಾಗ ಕ್ಯಾಲ್ಸಿಯಂ ಫಾಸ್ಫೇಟ್.

ಆದರೆ ಆಯ್ಕೆಗೆ ನೆರವಾಗುವ ನಿಜವಾದ ವ್ಯತ್ಯಾಸ ಇರುವುದು ಭಟ್ಟಿಯಲ್ಲಿ. ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮುಂದಿನ ಸಲಹೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಗಟ್ಟಿ ಪೋರ್ಸಲೇನನ್ನು ಮೊದಲು 900ರಿಂದ 1000 ಡಿಗ್ರಿಯಷ್ಟು ಹದವಾದ ಕಾವಿನಲ್ಲಿ ಸುಟ್ಟು, ಅನಂತರ ಗ್ಲೇಜ್ ಎಂಬ ಗಾಜಿನಂಥ ಹೊಳಪಿನ ಲೇಪ ಹಚ್ಚಿ, ಎರಡನೆಯ ಸಲ 1300ರಿಂದ 1400 ಡಿಗ್ರಿಯವರೆಗೆ ಕಾಯಿಸುತ್ತಾರೆ. ಆ ಭಾರೀ ಕಾವಿನಲ್ಲಿ ಒಡಲೂ ಗ್ಲೇಜೂ ಒಟ್ಟಿಗೆ ಬಲಿಯುತ್ತವೆ, ಒಂದರೊಳಗೊಂದು ಬೆಸೆದುಕೊಳ್ಳುತ್ತವೆ. ಬೋನ್ ಚೈನಾದಲ್ಲಿ ಇದರ ಕ್ರಮ ತಿರುವುಮುರುವು: ಮೊದಲ ಸುಡುವಿಕೆಯೇ ಹೆಚ್ಚಿನದು, ಸುಮಾರು 1250 ಡಿಗ್ರಿ. ಆಗಲೇ ಒಡಲು ಪೂರ್ತಿ ಗಾಜಿನಂತೆ ಬಿಗಿಯುತ್ತದೆ. ಗ್ಲೇಜನ್ನು ಆಮೇಲೆ ಹಚ್ಚಿ 1100 ಡಿಗ್ರಿಯ ಆಸುಪಾಸಿನಲ್ಲಿ ಕರಗಿಸುತ್ತಾರೆ. ಇದರ ಪರಿಣಾಮವಾಗಿ ಬೋನ್ ಚೈನಾದ ಒಡಲು ಬಹಳ ಬಲವುಳ್ಳದ್ದು, ಅದರ ಮೇಲಿನ ಗ್ಲೇಜ್ ಮಾತ್ರ ಪೋರ್ಸಲೇನ್‌ನ ಗ್ಲೇಜಿಗಿಂತ ಮೆದು. ತೆಳ್ಳಗಿರುವುದನ್ನು ಕಂಡು ಬೋನ್ ಚೈನಾ ಮುಟ್ಟಿದರೆ ಒಡೆಯುತ್ತದೆಂದು ಹೆದರುವವರಿಗೂ, ದುಬಾರಿಯಾದ್ದರಿಂದ ಎಲ್ಲವನ್ನೂ ತಡೆಯುತ್ತದೆಂದು ನಂಬುವವರಿಗೂ ತಿಳಿಯದೆ ಉಳಿದಿರುವುದು ಇದೇ ಸಂಗತಿ.

ಎರಡನೆಯ ಹೆಜ್ಜೆ: ಮೂಳೆಯ ಪ್ರಶ್ನೆಯನ್ನು ಮೊದಲೇ ತೀರ್ಮಾನಿಸಿ

ಪ್ರಾಣಿಮೂಲದ ವಸ್ತುಗಳನ್ನು ಬಳಸದಿರುವವರು ಬೇರೆ ಯಾವ ಗುಣವನ್ನೂ ಅಳೆಯುವ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಬೋನ್ ಚೈನಾದ ಹೆಸರಿನಲ್ಲಿರುವ ಮೂಳೆ ಅಲಂಕಾರದ ಮಾತಲ್ಲ. ಪಾತ್ರೆಯ ತೂಕದಲ್ಲಿ ಅದರ ಪಾಲು ಅರ್ಧದಷ್ಟಿರಬಹುದು. ಸುಟ್ಟು ಬೂದಿಯಾದ ಮೇಲೆ ಅದರಲ್ಲಿ ಮಾಂಸದ ಅಥವಾ ಕೊಬ್ಬಿನ ಅಂಶ ಉಳಿಯುವುದಿಲ್ಲ ಎಂಬುದು ನಿಜವಾದರೂ, ಮೂಲ ಮೂಲವೇ. ಮನೆಯಲ್ಲಿ ಒಬ್ಬರಿಗಾದರೂ ಇದು ಮನಸ್ಸಿಗೆ ಒಗ್ಗದ ವಿಷಯವಾಗಿದ್ದರೆ, ಕೊಂಡು ತಂದ ಮೇಲೆ ತಿಳಿಸುವುದು ಸರಿಯಲ್ಲ. ಅತಿಥಿಗಳ ವಿಷಯದಲ್ಲಿಯೂ ಇದೇ ಎಚ್ಚರ ಇರಲಿ.

ಇಂಥವರು ತೆಳುವಾದ, ಒಳ್ಳೆಯ ಪೋರ್ಸಲೇನನ್ನು ನೆಮ್ಮದಿಯಿಂದ ಆರಿಸಬಹುದು. ಮೂಳೆಯ ಬದಲಿಗೆ ಖನಿಜಮೂಲದ ಕ್ಯಾಲ್ಸಿಯಂ ಫಾಸ್ಫೇಟ್ ಬಳಸಿ ತಯಾರಿಸುವ ಪಾತ್ರೆಗಳೂ ಇವೆ. ಪೆಟ್ಟಿಗೆಯ ಮೇಲೆ ‘ನ್ಯೂ ಬೋನ್ ಚೈನಾ’ ಎಂದು ಬರೆದಿರುವುದು ಮಾತ್ರ ಗೊಂದಲಕ್ಕೆ ಎಡೆಮಾಡುತ್ತದೆ. ಆ ಹೆಸರಿನಲ್ಲಿ ಮಾರುವ ಸರಕಿನಲ್ಲಿ ಮೂಳೆ ಬೂದಿ ಇಲ್ಲದೆಯೂ ಇರಬಹುದು, ಅಲ್ಪ ಪ್ರಮಾಣದಲ್ಲಿ ಇರಲೂಬಹುದು. ಹೀಗಾಗಿ ಮೂಳೆ ಬೇಡವೆನ್ನುವವರೂ, ನಿಜವಾದ ಬೋನ್ ಚೈನಾ ಬೇಕೆನ್ನುವವರೂ ಈ ಹೆಸರೊಂದನ್ನೇ ನಂಬದೆ ತಯಾರಕರಿಂದ ಸ್ಪಷ್ಟ ಉತ್ತರ ಕೇಳಬೇಕು. ಬೋನ್ ಚೈನಾಕ್ಕೆ ಇರುವ ಒಂದು ಪ್ರಚಲಿತ ವ್ಯಾಖ್ಯೆಯ ಪ್ರಕಾರ, ಬೆಳಕು ಹಾಯುವ ಅದರ ಒಡಲಿನಲ್ಲಿ ಫಾಸ್ಫೇಟ್‌ನ ಅಂಶ ಕನಿಷ್ಠ ಶೇಕಡಾ 30ರಷ್ಟಿರಬೇಕು. ‘ಫೈನ್ ಚೈನಾ’ ಎಂಬ ಹೆಸರೂ ಮೂಳೆ ಬೂದಿಯ ಬಗ್ಗೆ ಏನನ್ನೂ ಖಚಿತಪಡಿಸುವುದಿಲ್ಲ.

ಮೂರನೆಯ ಹೆಜ್ಜೆ: ಪಾತ್ರೆ ದಿನದಲ್ಲಿ ಏನೇನು ತಡೆಯಬೇಕಾಗುತ್ತದೆ ಎಂದು ಯೋಚಿಸಿ

ಕಾವಿನಿಂದ ಆರಂಭಿಸೋಣ. ಬಿಸಿಯಾದಾಗ ಯಾವ ಪಿಂಗಾಣಿಯಾದರೂ ಕೂದಲೆಳೆಯಷ್ಟು ಹಿಗ್ಗುತ್ತದೆ; ಬೋನ್ ಚೈನಾ ಹಿಗ್ಗುವ ಪ್ರಮಾಣ ಗಟ್ಟಿ ಪೋರ್ಸಲೇನ್‌ಗಿಂತ ಗಣನೀಯವಾಗಿ ಹೆಚ್ಚು. ಪಾತ್ರೆಯ ಒಂದು ಭಾಗ ಬಿಸಿಯಾಗಿ ಇನ್ನೊಂದು ತಣ್ಣಗೇ ಉಳಿದಾಗ ಈ ಹಿಗ್ಗುವಿಕೆ ಒಳಗೊಳಗೇ ಎಳೆದಾಟವಾಗಿ, ಮಿತಿ ಮೀರಿದಾಗ ಬಿರುಕಾಗುತ್ತದೆ. ಆದ್ದರಿಂದ ಓವನ್‌ನಲ್ಲಿಟ್ಟು ಹಾಗೆಯೇ ಮೇಜಿಗೆ ತರುವ ಅಭ್ಯಾಸವಿರುವ ಮನೆಗೆ, ಓವನ್‌ಗೆ ತಕ್ಕದ್ದೆಂದು ತಯಾರಕರೇ ಮುದ್ರೆ ಒತ್ತಿದ ಪೋರ್ಸಲೇನ್ ಪಾತ್ರೆಗಳೇ ಸರಿ. ಬೋನ್ ಚೈನಾ ಆ ಕೆಲಸಕ್ಕೆ ಹೇಳಿಸಿದ್ದಲ್ಲ. ನೇರ ಉರಿಯ ಮೇಲೆ ಎರಡನ್ನೂ ಇಡಬಾರದು. ಫ್ರಿಜ್‌ನಿಂದ ತೆಗೆದ ತಟ್ಟೆಯನ್ನು ಕೂಡಲೇ ಬಿಸಿಗೆ ಒಡ್ಡುವುದು ಪೋರ್ಸಲೇನ್‌ಗೂ ಒಳ್ಳೆಯದಲ್ಲ.

ಮೈಕ್ರೋವೇವ್‌ನ ವಿಚಾರದಲ್ಲಿ ಒಡಲಿಗಿಂತ ಅಲಂಕಾರವೇ ಮುಖ್ಯ. ಚಿನ್ನದ ಅಥವಾ ಪ್ಲಾಟಿನಂ ಗೆರೆ ಇರುವ ಪಾತ್ರೆ ಬೋನ್ ಚೈನಾವೇ ಇರಲಿ, ಪೋರ್ಸಲೇನೇ ಇರಲಿ, ಒಳಗಿಟ್ಟರೆ ಕಿಡಿ ಹಾರುತ್ತದೆ, ಗೆರೆ ಕಪ್ಪಾಗುತ್ತದೆ. ಲೋಹದ ಗೆರೆ ಇಲ್ಲದ, ಚೆನ್ನಾಗಿ ಸುಟ್ಟ ಪಾತ್ರೆಯಾದರೆ ಆಹಾರವಷ್ಟೇ ಬಿಸಿಯಾಗಬೇಕು. ಪಾತ್ರೆಗೆ ತಗಲುವುದು ಆಹಾರದಿಂದ ಹರಿದು ಬಂದ ಬಿಸಿ ಮಾತ್ರ. ಆಹಾರ ಇನ್ನೂ ಉಗುರುಬೆಚ್ಚಗಿರುವಾಗಲೇ ತಟ್ಟೆಯ ಖಾಲಿ ಅಂಚು ಕೈ ಸುಡುವಂತಿದ್ದರೆ, ಅದರ ಒಡಲು ನೀರು ಹೀರಿಕೊಂಡಿರುವ ಸಾಧ್ಯತೆ ಹೆಚ್ಚು.

ಚಾಕುವಿನ ವಿಚಾರಕ್ಕೆ ಬಂದರೆ, ಹಿಂದೆ ಹೇಳಿದ ಗ್ಲೇಜ್ ನೆನಪಿರಲಿ. ತಟ್ಟೆಯ ಮೇಲೆಯೇ ಕತ್ತರಿಸಿ ತಿನ್ನುವ ಪದ್ಧತಿಯಿದ್ದರೆ, ಅದರಲ್ಲಿಯೂ ಗರಗಸದಂಥ ಹಲ್ಲುಗಳ ಚಾಕು ಬಳಸುವವರಾದರೆ, ಬೋನ್ ಚೈನಾದ ಮೇಲ್ಮೈಯಲ್ಲಿ ಕೆಲವು ವರ್ಷಗಳಲ್ಲಿ ಗೀರುಗಳ ಜಾಲವೊಂದು ಕಾಣತೊಡಗುತ್ತದೆ. ಗಟ್ಟಿ ಪೋರ್ಸಲೇನ್ ಇದನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಮೇಜಿನ ತಟ್ಟೆಗೆ ಪೋರ್ಸಲೇನೇ ಇರಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಇದು.

ಅಂಚಿನ ಚಕ್ಕೆ ಹಾರುವ ವಿಷಯದಲ್ಲಿ ಮೇಲುಗೈ ಬೋನ್ ಚೈನಾದ್ದು. ಒಂದೇ ದಪ್ಪದ ಎರಡು ತುಂಡುಗಳನ್ನು ಹೋಲಿಸಿದರೆ ಬೋನ್ ಚೈನಾದ ಒಡಲು ಹೆಚ್ಚಿನ ಬಲ ತಾಳುತ್ತದೆ. ಅಷ್ಟು ತೆಳ್ಳಗೆ ಮಾಡಲು ಸಾಧ್ಯವಾಗಿರುವುದೂ ಆ ಬಲದಿಂದಲೇ. ಆದರೆ ಮಾರಾಟಕ್ಕಿರುವ ಪಾತ್ರೆಗಳು ಒಂದೇ ದಪ್ಪದವಲ್ಲ ಎಂಬುದನ್ನು ಮರೆಯಬಾರದು. ಹೋಟೆಲುಗಳಿಗೆಂದೇ ತಯಾರಿಸುವ, ಅಂಚನ್ನು ದುಂಡಗೆ ಉಬ್ಬಿಸಿದ ದಪ್ಪ ಪೋರ್ಸಲೇನ್ ತಟ್ಟೆ, ಅದರಲ್ಲಿಯೂ ಬಲಕ್ಕಾಗಿ ಅಲ್ಯುಮಿನಾ ಬೆರೆಸಿದ್ದು, ದಿನಕ್ಕೆ ಹಲವು ಬಾರಿ ತೊಳೆದು ಒಂದರ ಮೇಲೊಂದು ಪೇರಿಸಿದರೂ ಜಗ್ಗುವುದಿಲ್ಲ. ಪುಟ್ಟ ಮಕ್ಕಳಿರುವ ಮನೆಗೆ, ಸಿಂಕಿನಲ್ಲಿ ಪಾತ್ರೆಗಳು ರಾಶಿ ಬೀಳುವ ಮನೆಗೆ ನಾನು ಅಂಥ ತಟ್ಟೆಯನ್ನೇ ಸೂಚಿಸುತ್ತೇನೆ. ಅದರ ಗಡಸು ನೋಟಕ್ಕೂ ಒಂದು ಗಾಂಭೀರ್ಯವಿದೆ.

ಇನ್ನು ಟೀ, ಕಾಫಿ. ಇಲ್ಲಿ ಬೋನ್ ಚೈನಾದ ತೆಳುವಾದ ಅಂಚು ಕೊಡುವ ಸುಖವನ್ನು ಪೋರ್ಸಲೇನ್‌ನ ಸಾಮಾನ್ಯ ಕಪ್ಪು ಕೊಡಲಾರದು. ತುಟಿಗೆ ಕಪ್ಪಿನ ದಪ್ಪ ತಿಳಿಯದೆ ಪಾನೀಯವಷ್ಟೇ ತಾಗುತ್ತದೆ. ಟೀಯ ಬಣ್ಣ ಕೆನೆಬಿಳುಪಿನ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತೆಳುವಾದ ಗೋಡೆಗೆ ಬಿಸಿಯನ್ನು ಹೀರುವ ಶಕ್ತಿ ಕಡಿಮೆಯಾದ್ದರಿಂದ ಸುರಿದ ಕೂಡಲೇ ಟೀ ತಣಿಯುವುದೂ ಕಡಿಮೆ. ಹೆಚ್ಚು ಹೊತ್ತು ನಿಧಾನವಾಗಿ ಕುಡಿಯುವವರಿಗೆ, ಮೊದಲೇ ಬಿಸಿನೀರಿನಿಂದ ಬೆಚ್ಚಗೆ ಮಾಡಿಟ್ಟ ದಪ್ಪ ಪೋರ್ಸಲೇನ್ ಮಗ್ ಒದಗಬಹುದು. ಕಪ್ಪಿನಲ್ಲಿ ಯಾರೂ ಚಾಕು ಆಡಿಸುವುದಿಲ್ಲವಾದ್ದರಿಂದ, ಬೋನ್ ಚೈನಾದ ಮುಖ್ಯ ದೌರ್ಬಲ್ಯ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಕೈಗೆತ್ತಿಕೊಂಡು ಪರೀಕ್ಷಿಸಿ

ಕೊಳ್ಳುವವರು ಅತ್ಯಂತ ಕಡಿಮೆ ಸಮಯ ಕೊಡುವ, ಆದರೆ ಅತ್ಯಂತ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಹೆಸರು ಯಾವುದೇ ಇರಲಿ, ಚೆನ್ನಾಗಿ ಮಾಡಿದ ಪೋರ್ಸಲೇನ್ ತಟ್ಟೆಯು ಅವಸರದಲ್ಲಿ ಮಾಡಿದ ಬೋನ್ ಚೈನಾ ತಟ್ಟೆಗಿಂತ ಎಷ್ಟೋ ಮೇಲು, ಮತ್ತು ಆ ಒಳ್ಳೆಯತನವನ್ನು ಕಣ್ಣು, ಬೆರಳು, ಕಿವಿಗಳಿಂದಲೇ ಗುರುತಿಸಬಹುದು.

ಮೊದಲು ತಟ್ಟೆಯನ್ನು ಬೆಳಕಿಗೆ ಎದುರಾಗಿ ಹಿಡಿದು, ಅದರ ಹಿಂಬದಿಯಲ್ಲಿ ಬೆರಳುಗಳನ್ನು ಬಿಡಿಸಿ ಮೆಲ್ಲಗೆ ಆಡಿಸಿ. ಬೋನ್ ಚೈನಾ ಆದರೆ ಬೆರಳುಗಳ ನೆರಳು ಮುಂಬದಿಯಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ, ಹಾಯ್ದು ಬರುವ ಬೆಳಕಿಗೆ ಸ್ವಲ್ಪ ಹಳದಿ ಮಿಶ್ರಿತ, ಬೆಚ್ಚನೆಯ ಛಾಯೆ ಇರುತ್ತದೆ. ತೆಳುವಾದ ಗಟ್ಟಿ ಪೋರ್ಸಲೇನಿನಲ್ಲಿಯೂ ಬೆಳಕು ಹಾಯುತ್ತದೆ. ಆದರೆ ಅದರ ಬಿಳುಪು ಸಾಮಾನ್ಯವಾಗಿ ತಣ್ಣನೆಯದು, ಒಂದಿಷ್ಟು ನೀಲಿಯತ್ತ ಅಥವಾ ಬೂದಿಯತ್ತ ವಾಲಿದ್ದು. ದಪ್ಪ ಪೋರ್ಸಲೇನಿನಲ್ಲಿ ಬೆಳಕು ಕಾಣದಿದ್ದರೆ ಅದು ದೋಷವಲ್ಲ. ಆದರೆ ಬೋನ್ ಚೈನಾ ಎಂದು ಹೇಳಿ ಮಾರುವ ತೆಳು ತಟ್ಟೆಯಲ್ಲಿ ಬೆರಳಿನ ನೆರಳು ಕಾಣದಿದ್ದರೆ, ಆ ಹೇಳಿಕೆಯನ್ನು ಒಪ್ಪದಿರಲು ಅಷ್ಟೇ ಸಾಕು. ಬೆಳಕಿಗೆ ಹಿಡಿದಿರುವಾಗಲೇ ತಟ್ಟೆಯನ್ನು ನಿಧಾನವಾಗಿ ತಿರುಗಿಸುತ್ತ ಬಂದರೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಿರುವುದು, ಒಳಗಿನ ಕಪ್ಪು ಚುಕ್ಕೆ, ಕೂದಲೆಳೆಯಂಥ ಬಿರುಕು ಎಲ್ಲವೂ ಕಾಣಸಿಗುತ್ತವೆ.

ಅನಂತರ ನಾದ. ತಟ್ಟೆಯ ನಡುಭಾಗವನ್ನು ಮೂರು ಬೆರಳ ತುದಿಗಳ ಮೇಲೆ ನಿಲ್ಲಿಸಿ, ಅಂಚನ್ನು ಉಗುರಿನಿಂದ ಅಥವಾ ಮರದ ಪೆನ್ಸಿಲಿನಿಂದ ಮೃದುವಾಗಿ ತಟ್ಟಿ. ಎರಡು ಬಗೆಯ ಪಿಂಗಾಣಿಯೂ ಸ್ವಚ್ಛವಾಗಿ ಮೊಳಗಬೇಕು. ಬೋನ್ ಚೈನಾದ ನಾದ ಹೆಚ್ಚು ಹೊತ್ತು ನಿಲ್ಲುವುದೆಂದು ಹೇಳುವುದುಂಟಾದರೂ, ನಾದದಿಂದ ಇದು ಯಾವ ಬಗೆ ಎಂದು ನಿರ್ಣಯಿಸಲು ಹೋಗುವುದು ಬೇಡ. ಈ ಪರೀಕ್ಷೆಯ ಉಪಯೋಗ ಬೇರೆ: ಕಣ್ಣಿಗೆ ಕಾಣದ ಬಿರುಕು ಒಳಗಿದ್ದರೆ ನಾದ ಬಿದ್ದುಹೋಗುತ್ತದೆ, ಒಡಕು ದನಿ ಬರುತ್ತದೆ. ಪೆಟ್ಟಿಗೆಯಲ್ಲಿ ಬಂದ ಪ್ರತಿಯೊಂದು ತುಂಡನ್ನೂ ಹೀಗೆ ತಟ್ಟಿ ನೋಡುವುದಕ್ಕೆ ಸಂಕೋಚಪಡಬಾರದು.

ಈಗ ತಟ್ಟೆಯನ್ನು ಬೋರಲು ಹಾಕಿ. ನನ್ನ ಮಟ್ಟಿಗೆ ಪಿಂಗಾಣಿಯ ಯೋಗ್ಯತೆ ತಿಳಿಯುವುದು ಅದರ ಮುಖದಿಂದಲ್ಲ, ತಳದಿಂದ. ತಟ್ಟೆ ನಿಲ್ಲುವ ತಳದ ಬಳೆಯನ್ನು ಗಮನಿಸಿ. ಗಟ್ಟಿ ಪೋರ್ಸಲೇನಿನ ಗ್ಲೇಜ್ ಭಾರೀ ಕಾವಿನಲ್ಲಿ ಕರಗುವಾಗ ಪಾತ್ರೆ ಆ ಬಳೆಯ ಮೇಲೆಯೇ ನಿಂತಿರುತ್ತದೆ. ಅಲ್ಲಿ ಗ್ಲೇಜ್ ಇದ್ದರೆ ಭಟ್ಟಿಯ ಹಾಸಿಗೆ ಅಂಟಿಕೊಂಡುಬಿಡುತ್ತದೆಂದು ಆ ಭಾಗವನ್ನು ಒರೆಸಿ ಬರಿದಾಗಿ ಬಿಡುತ್ತಾರೆ. ಈ ಬರಿಯ ಬಳೆಯನ್ನು ಒಳ್ಳೆಯ ತಯಾರಕರು ಉಜ್ಜಿ ನುಣುಪು ಮಾಡಿರುತ್ತಾರೆ. ಅದರ ಮೇಲೆ ಬೆರಳಾಡಿಸಿದಾಗ ಮರಳುಕಾಗದದಂತೆ ತರಿತರಿಯಾಗಿ ತಾಗಿದರೆ, ಪೇರಿಸಿಟ್ಟಾಗ ಕೆಳಗಿನ ತಟ್ಟೆಯ ಗ್ಲೇಜನ್ನು ಅದು ದಿನವೂ ಗೀರುತ್ತದೆಂದು ತಿಳಿಯಿರಿ, ಮೇಜನ್ನೂ ಬಿಡುವುದಿಲ್ಲ. ಬೋನ್ ಚೈನಾದ ತಟ್ಟೆಗಳ ಮೇಲೆ ಇಂಥ ಒರಟು ತಳದ ಪೋರ್ಸಲೇನನ್ನು ಪೇರಿಸುವುದಂತೂ ಕೂಡದು.

ಆ ಬರಿಯ ಬಳೆಯ ಮೇಲೆ ಒಂದು ಹನಿ ನೀರು ಬಿಡಲು ಅನುಕೂಲವಿದ್ದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಪೋರ್ಸಲೇನಿನ ಒಡಲು ಹೀರಿಕೊಳ್ಳುವ ನೀರು ಅದರ ತೂಕದ ಶೇಕಡಾ ಅರ್ಧಕ್ಕಿಂತ ಕಡಿಮೆ. ಹನಿ ಹಾಗೆಯೇ ಗುಂಡಗೆ ನಿಲ್ಲಬೇಕು. ಕೂಡಲೇ ಇಂಗಿಹೋದರೆ ಅದು ಬಿಳಿಯ ಗ್ಲೇಜ್ ಬಳಿದ ಸಾಮಾನ್ಯ ಮಣ್ಣಿನ ಪಾತ್ರೆ.

ತಟ್ಟೆಯನ್ನು ಸಮತಟ್ಟಾದ ಗಾಜಿನ ಅಥವಾ ಕಲ್ಲಿನ ಮೇಲೆ ಇಟ್ಟು ಅಂಚಿನ ನಾಲ್ಕೂ ಕಡೆ ಬೆರಳಿನಿಂದ ಒತ್ತಿ ನೋಡಿ. ಅಲುಗಾಡಿದರೆ ಭಟ್ಟಿಯಲ್ಲಿ ಸೊಟ್ಟಗಾಗಿದೆ ಎಂದರ್ಥ. ಆರು ತಟ್ಟೆಗಳನ್ನು ಪೇರಿಸಿ ಪಕ್ಕದಿಂದ ಕಣ್ಣಿನ ಮಟ್ಟದಲ್ಲಿ ನೋಡಿದಾಗ ನಡುವಣ ಸಂದುಗಳು ಸಮನಾಗಿರಬೇಕು. ಕಪ್ಪಿನಲ್ಲಿ ಹಿಡಿ ಕೂಡಿರುವ ಎರಡು ಜಾಗಗಳೇ ಮುಖ್ಯ: ಹಸಿ ಮಣ್ಣಿನಲ್ಲಿ ಬೇರೆಯಾಗಿ ಮಾಡಿ ಅಂಟಿಸಿದ ಭಾಗವಾದ್ದರಿಂದ ಬಿರುಕು ಮೊದಲು ಹುಟ್ಟುವುದು ಅಲ್ಲಿಯೇ. ಕಪ್ಪು ತುಂಬಿದಾಗಿನ ಭಾರವನ್ನು ಊಹಿಸಿಕೊಂಡು ಹಿಡಿಯಲ್ಲಿ ಬೆರಳು ಹಾಕಿ ಎತ್ತಿ ನೋಡಿ. ಬೆರಳ ಗೆಣ್ಣು ಕಪ್ಪಿನ ಗೋಡೆಗೆ ತಾಗುವಂತಿದ್ದರೆ ಬಿಸಿ ಟೀ ಕುಡಿಯುವಾಗ ಪ್ರತಿ ಸಲವೂ ಸುಡುತ್ತದೆ. ಎಷ್ಟೇ ಚೆಂದದ ಕಪ್ಪಾದರೂ ಈ ಒಂದು ಕಾರಣಕ್ಕೆ ಅದನ್ನು ಕೈಬಿಡಬಹುದು.

ಕೊನೆಯಲ್ಲಿ ತಳದ ಮುದ್ರೆ ಓದಿ. ವಸ್ತುವಿನ ಹೆಸರು, ತಯಾರಾದ ದೇಶ, ಮೈಕ್ರೋವೇವ್ ಮತ್ತು ಡಿಶ್‌ವಾಷರ್‌ಗೆ ಸಂಬಂಧಿಸಿದ ಗುರುತುಗಳು ಅಲ್ಲಿರುತ್ತವೆ. ಪೆಟ್ಟಿಗೆಯ ಮೇಲೆ ಒಂದು ಹೆಸರು, ತಳದಲ್ಲಿ ಇನ್ನೊಂದು ಇದ್ದರೆ ತಳದ್ದನ್ನೇ ನಂಬಿ.

ಐದನೆಯ ಹೆಜ್ಜೆ: ಬಣ್ಣ ಮತ್ತು ಚಿನ್ನದ ಗೆರೆಗಳ ಬಗ್ಗೆ ಎಚ್ಚರ ವಹಿಸಿ

ಚಿತ್ತಾರ ಗ್ಲೇಜಿನ ಕೆಳಗಿದೆಯೋ, ಒಳಗಿದೆಯೋ, ಮೇಲಿದೆಯೋ ಎಂಬುದರ ಮೇಲೆ ಅದರ ಬಾಳಿಕೆ ನಿಂತಿದೆ. ಕೋಬಾಲ್ಟ್‌ನ ನೀಲಿ ಚಿತ್ತಾರದಂತೆ ಗ್ಲೇಜಿನ ಕೆಳಗೆ ಬರೆದದ್ದು ಪಾತ್ರೆ ಇರುವವರೆಗೂ ಉಳಿಯುತ್ತದೆ. ಗ್ಲೇಜಿನ ಮೇಲೆ ಬರೆದು 800 ಡಿಗ್ರಿಯ ಆಸುಪಾಸಿನ ಕಡಿಮೆ ಕಾವಿನಲ್ಲಿ ಸುಟ್ಟ ಬಣ್ಣ ಎಷ್ಟೇ ಕಂಗೊಳಿಸಿದರೂ ಮೇಲ್ಪದರವಾಗಿಯೇ ಇರುತ್ತದೆ. ಡಿಶ್‌ವಾಷರ್‌ನ ಕ್ಷಾರದ ಪುಡಿ ಅದನ್ನು ವರ್ಷಗಳಲ್ಲಿ ಮಾಸಿಸುತ್ತದೆ, ಚಿನ್ನದ ಗೆರೆಯನ್ನು ತಿನ್ನುತ್ತದೆ. ಇದನ್ನು ತಿಳಿಯಲು ಕಣ್ಣಿಗಿಂತ ಬೆರಳೇ ಲೇಸು: ತಟ್ಟೆಯನ್ನು ಓರೆಯಾಗಿ ಹಿಡಿದು ಚಿತ್ತಾರದ ಅಂಚಿನ ಮೇಲೆ ಬೆರಳಾಡಿಸಿದಾಗ ಸಣ್ಣ ಏರು ತಾಗಿದರೆ ಬಣ್ಣ ಗ್ಲೇಜಿನ ಮೇಲಿದೆ.

ಬಾಳಿಕೆಗಿಂತ ಗಂಭೀರವಾದ ವಿಷಯ ಆರೋಗ್ಯದ್ದು. ಹಿಂದಿನ ಕಾಲದ ಗ್ಲೇಜುಗಳಲ್ಲಿ ಸೀಸವನ್ನು ಧಾರಾಳವಾಗಿ ಬಳಸುತ್ತಿದ್ದರು. ಕೆಂಪು, ಕಿತ್ತಳೆ, ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು. ಈ ಎರಡು ಲೋಹಗಳು ಆಹಾರಕ್ಕೆ ಇಳಿಯುವ ಪ್ರಮಾಣವನ್ನು ಅಳೆಯಲು ಐಎಸ್‌ಒ 6486 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಪಾತ್ರೆಯಲ್ಲಿ ಶೇಕಡಾ 4ರ ಅಸಿಟಿಕ್ ಆಮ್ಲವನ್ನು, ಅಂದರೆ ಹೆಚ್ಚುಕಡಿಮೆ ವಿನೆಗರ್‌ನಷ್ಟೇ ಹುಳಿಯಾದ ದ್ರವವನ್ನು, 22 ಡಿಗ್ರಿ ಉಷ್ಣತೆಯಲ್ಲಿ 24 ಗಂಟೆ ಇರಿಸಿ, ಅದರಲ್ಲಿ ಕರಗಿ ಬಂದ ಸೀಸ ಮತ್ತು ಕ್ಯಾಡ್ಮಿಯಂಗಳನ್ನು ಅಳೆಯುತ್ತಾರೆ. ಹೊಸ ಪಾತ್ರೆ ಕೊಳ್ಳುವಾಗ ಆಹಾರ ಬಳಕೆಯ ಪರೀಕ್ಷೆಯಾಗಿದೆಯೇ ಎಂದು ಕೇಳಿ. ಹಳೆಯ ಕಾಲದ, ತಯಾರಕರ ಗುರುತಿಲ್ಲದ, ಆಹಾರ ತಾಗುವ ಜಾಗದಲ್ಲಿ ದಟ್ಟ ಬಣ್ಣವಿದ್ದು ಅದು ಸವೆದಿರುವ ಪಾತ್ರೆಗಳನ್ನು ಗಾಜಿನ ಬೀರುವಿನಲ್ಲಿ ಅಂದಕ್ಕಿಡಿ, ಊಟಕ್ಕೆ ಬಳಸಬೇಡಿ. ಅವುಗಳಲ್ಲಿ ನಿಂಬೆರಸ, ವಿನೆಗರ್‌ಗಳಂಥ ಹುಳಿಯನ್ನು ಇಡುವುದಂತೂ ಬೇಡವೇ ಬೇಡ. ಮನೆತನದ ನೆನಪಿನ ಪಾತ್ರೆಯಾದರೂ ಈ ಮಾತಿನಲ್ಲಿ ರಿಯಾಯಿತಿ ಸಲ್ಲದು.

ಊಟದ ತಟ್ಟೆ ಒಳಗಡೆ ಪೂರ್ತಿ ಬಿಳಿಯಾಗಿದ್ದು ಚಿತ್ತಾರ ಅಂಚಿಗೆ ಮಾತ್ರ ಸೀಮಿತವಾಗಿರುವುದನ್ನು ಆರಿಸಿದರೆ ಈ ಎರಡು ಚಿಂತೆಗಳೂ ಬಹುಮಟ್ಟಿಗೆ ತಗ್ಗುತ್ತವೆ.

ಆರನೆಯ ಹೆಜ್ಜೆ: ಅಳತೆ ಮತ್ತು ಸಂಖ್ಯೆ

ಊಟದ ದೊಡ್ಡ ತಟ್ಟೆ ಸಾಮಾನ್ಯವಾಗಿ 26ರಿಂದ 28 ಸೆಂಟಿಮೀಟರ್ ಅಗಲವಿರುತ್ತದೆ. ನಿಮ್ಮ ಕಪಾಟಿನ ಆಳ, ಮೈಕ್ರೋವೇವ್‌ನ ತಿರುಗುವ ಗಾಜಿನ ಅಗಲ, ಡಿಶ್‌ವಾಷರ್ ಇದ್ದರೆ ಅದರ ಸಾಲುಗಳ ಎತ್ತರ, ಇಷ್ಟನ್ನು ಮನೆಯಲ್ಲಿಯೇ ಅಳೆದುಕೊಂಡು ಹೊರಡಿ. ಸಾಧ್ಯವಾದರೆ ಒಂದೇ ಒಂದು ತಟ್ಟೆ, ಒಂದೇ ಒಂದು ಕಪ್ಪು ಕೊಂಡು ಕೆಲವು ವಾರ ಬಳಸಿ ನೋಡುವುದು ಎಲ್ಲ ಸಲಹೆಗಳಿಗಿಂತ ದೊಡ್ಡ ಸಲಹೆ.

ದೊಡ್ಡ ಸೆಟ್ಟುಗಳಲ್ಲಿ ನೀವು ಎಂದೂ ಬಳಸದ ತುಂಡುಗಳಿಗೂ ಹಣ ಕೊಡಬೇಕಾಗುತ್ತದೆ. ಬಿಡಿಯಾಗಿಯೂ ಸಿಗುವ ವಿನ್ಯಾಸವನ್ನು ಆರಿಸಿಕೊಂಡರೆ ಒಡೆದದ್ದರ ಜಾಗಕ್ಕೆ ಹೊಸದನ್ನು ತರಬಹುದು. ಅಪ್ಪಟ ಬಿಳಿಯ, ಸರಳ ಆಕಾರದ ಪಾತ್ರೆಗಳಲ್ಲಿ ಈ ಅನುಕೂಲ ಹೆಚ್ಚು. ಪೋರ್ಸಲೇನ್ ತಟ್ಟೆಗಳ ಜೊತೆ ಬೋನ್ ಚೈನಾ ಕಪ್ಪುಗಳನ್ನು ಬೆರೆಸುವಾಗ ಎರಡರ ಬಿಳುಪು ಬೇರೆಯೆಂಬುದು ಹಗಲು ಬೆಳಕಿನಲ್ಲಿ ಎದ್ದು ಕಾಣುತ್ತದೆ. ಎರಡನ್ನೂ ಒಂದೇ ಬಿಳುಪೆಂದು ತೋರಿಸಲು ಹೆಣಗದೆ, ಕಪ್ಪು-ಸಾಸರ್‌ಗಳಿಗೆ ಒಂದು ಬಣ್ಣದ ಅಂಚಿರುವುದನ್ನು ಆರಿಸಿದರೆ ಆ ವ್ಯತ್ಯಾಸ ಬೇಕೆಂದೇ ಮಾಡಿದ್ದರಂತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಏಳನೆಯ ಹೆಜ್ಜೆ: ಮನೆಗೆ ತಂದ ಮೇಲೆ

ತಟ್ಟೆಗಳ ಮಧ್ಯೆ ತೆಳುವಾದ ಬಟ್ಟೆ ಅಥವಾ ಕಾಗದ ಹಾಕಿ ಪೇರಿಸಿ. ಕಪ್ಪಿನೊಳಗೆ ಕಪ್ಪು ಕೂರಿಸಬೇಡಿ. ಅಂಚು ಚಕ್ಕೆ ಏಳುವುದು ಹೆಚ್ಚಾಗಿ ಬಳಸುವಾಗಲ್ಲ, ಹೀಗೆ ಒಳಗೆ ಸಿಕ್ಕಿದ್ದನ್ನು ಎಳೆಯುವಾಗ. ಚಳಿಯ ಬೆಳಗಿನಲ್ಲಿ ಕುದಿಯುವ ನೀರನ್ನು ತಣ್ಣಗಿನ ಬೋನ್ ಚೈನಾ ಟೀಪಾಟ್‌ಗೆ ಒಮ್ಮೆಲೇ ಸುರಿಯದೆ, ಮೊದಲು ಬೆಚ್ಚಗಿನ ನೀರಿನಲ್ಲಿ ಒಂದು ಸುತ್ತು ತೊಳೆಯಿರಿ.

ತಟ್ಟೆಯ ಮೇಲೆ ಕಾಣುವ ಬೂದುಬಣ್ಣದ ಗೆರೆಗಳನ್ನು ಕಂಡು ಗ್ಲೇಜ್ ಹಾಳಾಯಿತೆಂದು ಕೊರಗುವ ಮೊದಲು ಉಗುರಿನಿಂದ ಅಡ್ಡಕ್ಕೆ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಗೀರಲ್ಲ, ಚಮಚ-ಚಾಕುಗಳ ಲೋಹ ತಟ್ಟೆಗೆ ಹತ್ತಿದ ಗುರುತು. ಅಡುಗೆ ಸೋಡಾವನ್ನು ಒಂದಿಷ್ಟು ನೀರಿನಲ್ಲಿ ಕಲಸಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿದರೆ ಬಹುಪಾಲು ಹೋಗುತ್ತದೆ. ಟೀ ಕಪ್ಪಿನ ಕಂದು ಕಲೆಗೂ ಇದೇ ಸಾಕು. ಚಿನ್ನದ ಗೆರೆಯ ಮೇಲೆ ಮಾತ್ರ ಇದನ್ನು ಉಜ್ಜಬಾರದು. ಚಿನ್ನದ ಗೆರೆಯ ಪಾತ್ರೆಗಳನ್ನು ಮೃದುವಾದ ಸ್ಪಂಜಿನಿಂದ, ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಕೈಯಾರೆ ತೊಳೆಯಿರಿ. ಸಿಂಕಿನ ತಳಕ್ಕೆ ಒಂದು ರಬ್ಬರ್ ಹಾಸು ಅಥವಾ ದಪ್ಪ ಬಟ್ಟೆ ಇದ್ದರೆ ಕೈ ಜಾರಿದಾಗ ಪಾತ್ರೆ ಉಳಿಯುತ್ತದೆ.

ಅಂಚಿನಲ್ಲಿ ಚಕ್ಕೆ ಎದ್ದ ತುಂಡನ್ನು ಊಟದ ಸಾಲಿನಿಂದ ತೆಗೆದುಬಿಡಿ. ಪೋರ್ಸಲೇನೇ ಆಗಲಿ ಬೋನ್ ಚೈನಾವೇ ಆಗಲಿ, ಒಡೆದ ಅಂಚು ಗಾಜಿನಷ್ಟೇ ಹರಿತ. ತುಟಿಗೂ ಪಾತ್ರೆ ತೊಳೆಯುವವರ ಬೆರಳಿಗೂ ಅಪಾಯ. ಅಂಟಿನಿಂದ ಜೋಡಿಸಿದ ಕಪ್ಪು ನೋಡಲು ಮೊದಲಿನಂತೆಯೇ ಇದ್ದರೂ, ಅಂಟು ಬಿಸಿಯನ್ನು ತಡೆಯುತ್ತದೆಂಬ ಭರವಸೆಯಿಲ್ಲ, ಆಹಾರಕ್ಕೆ ಸುರಕ್ಷಿತವೆಂಬ ಖಾತರಿಯೂ ಇಲ್ಲ. ಅದನ್ನು ಪೆನ್ನು, ಕುಂಚಗಳನ್ನು ಇಡಲು ಬಳಸಬಹುದು. ಮತ್ತೆ ಅದಕ್ಕೆ ಟೀ ಸುರಿಯಬಾರದು.